ಎರಡು ಮಡಿ, ಎರಡು ಕೈ

ಬೆಳಿಗ್ಗೆಯಿಂದ ಅಕ್ಕುತಾಯಿ ಹಿತ್ತಲಿಗೆ ಹೋಗಿಬಂದದ್ದು ಅದು ಏಳನೆಯ ಸಲ. ರೊಟ್ಟಿ ಬಡಿಯುತ್ತ ಕೂತವಳು ನಡುವೆಯೇ ಎದ್ದು ಹೋಗಿದ್ದಳು. ಹಂಚಿನ ಮೇಲಿನ ರೊಟ್ಟಿಯ ವಾಸನೆ ಹಿತ್ತಲಿಗೂ ಬಂತು.

“ಅತ್ತೀ, ರೊಟ್ಟಿ ಹೊತ್ತಾಕತ್ತೈತ್ರಿ!” ಎಂದು ಸೊಸೆ ನೀಲಮ ಒಳಗಿನಿಂದ ಕೂಗಿದಳು.

“ಹೊತ್ತಲಿ ಬಿಡು. ಇಲ್ಲಿ ಬಂದ ನೋಡು. ನಿನ್ನವು ಸಣ್ಣ ವಯಸ್ಸಿನ ಕಣ್ಣ. ಒಂದಾರ ಹೊಸಾ ಮೊಳಕಿ ಕಾಣತೈತೇನ?”

ನೀಲಮ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಬಗ್ಗಿ ನೋಡಿದಳು. ಮೆಂತ್ಯ, ಕೊತ್ತಂಬರಿ, ಪಾಲಕ, ಮೂಲಂಗಿ ಹಾಕಿ ಹನ್ನೆರಡು ದಿನವಾಗಿತ್ತು. ಒಂದು ಮೂಲೆಯಲ್ಲಿ ನಾಲ್ಕೇ ನಾಲ್ಕು ಮೆಂತ್ಯದ ಸಸಿ ನಿಂತಿದ್ದವು. ಉಳಿದ ಮಡಿ ಗುಡಿಸಿದ ಅಂಗಳದ ಹಾಗೆ ಬೋಳಾಗಿತ್ತು.

“ಇಲ್ರಿ ಅತ್ತಿ,” ಎಂದಳು ಮೆಲ್ಲಗೆ.

ನಮ್ಮ ಯಾರ ಮನೆಯಲ್ಲಿ ಇದು ಆಗಿಲ್ಲ ಹೇಳಿ? ದೀಪಾವಳಿ ಮುಗಿಯುತ್ತದೆ, ಥಂಡಿ ಬೀಳುತ್ತದೆ, ಹಿತ್ತಲಲ್ಲಿ ನಾಲ್ಕು ಪಲ್ಲೆ ಹಾಕೋಣ ಅನಿಸುತ್ತದೆ. ಹಾಕುತ್ತೇವೆ. ಬರುವುದಿಲ್ಲ. ಬೀಜ ಖೊಟ್ಟಿ ಎಂದು ಅಂಗಡಿಯವನನ್ನು ಬೈದು, ಸಂತೆಯಿಂದ ಬಾಡಿದ ಸಿವುಡು ತರುತ್ತೇವೆ. ಅಲ್ಲಿಗೆ ಮುಗಿಯಿತು. ಆದರೆ ಭೋಜ ಊರಿನ ಅಕ್ಕುತಾಯಿಗೆ, ೨೦೧೧ರ ಆ ಥಂಡಿಯಲ್ಲಿ, ಅದು ಅಲ್ಲಿಗೆ ಮುಗಿಯುವ ಮಾತಾಗಿರಲಿಲ್ಲ.

ಯಾಕೆಂದರೆ ಅವಳು ತಂಬಾಕಿನ ಅಗಿ ಹಾಕುವುದರಲ್ಲಿ ಹೆಸರಾದವಳು. ಅಗಿ ಎಂದರೆ ಸಸಿ. ತಂಬಾಕಿನ ಬೀಜ ಹುಡಿಯಷ್ಟು ಸಣ್ಣ. ಅದನ್ನು ಬೂದಿಯಲ್ಲಿ ಕಲಸಿ, ಗಾಳಿ ನಿಂತ ಹೊತ್ತು ನೋಡಿ, ಮಡಿಯ ಮೇಲೆ ಸಮನಾಗಿ ಉದುರಿಸಬೇಕು. ಮಣ್ಣು ಮುಚ್ಚುವ ಹಾಗಿಲ್ಲ. ಮುಚ್ಚಿದರೆ ಅದು ಏಳುವುದೇ ಇಲ್ಲ. ಮೂವತ್ತು ವರ್ಷದಿಂದ ಊರಿನ ಅಗಿಮಡಿಗಳಿಗೆ ಮೊದಲ ಹಿಡಿ ಅಕ್ಕುತಾಯಿಯದ್ದೇ ಆಗಬೇಕಿತ್ತು. ಅವಳ ಕೈಗುಣ ಛಲೋ ಎಂದು ಹತ್ತಿರದ ಸದಲಗಾದಿಂದಲೂ ಕರೆಯಲು ಬರುತ್ತಿದ್ದರು.

ಆ ವರ್ಷ ಯುಗಾದಿಗೆ ಮುಂಚೆ ಅವಳ ಗಂಡ ಜ್ಞಾನದೇವ ತೀರಿಕೊಂಡ. ರೋಹಿಣಿ ಮಳೆಯ ಹೊತ್ತಿಗೆ ಅಗಿ ಹಾಕುವ ಕೆಲಸ ಶುರುವಾದಾಗ ಅಕ್ಕುತಾಯಿ ಎಂದಿನಂತೆ ತಯಾರಾಗಿ ಕಟ್ಟೆಯ ಮೇಲೆ ಕೂತಳು. ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ದುಂಡವ್ವ, ಇಪ್ಪತ್ತಾರು ವರ್ಷ ಇವಳ ಕೈಯಿಂದಲೇ ಅಗಿ ಹಾಕಿಸಿದವಳು, ಆ ಸಲ ರಾಯಬಾಗದಿಂದ ತನ್ನ ತಂಗಿಯನ್ನು ಕರೆಸಿದಳು. ಗಂಡ ಸತ್ತವಳ ಕೈ ಬೀಜಕ್ಕೆ ಆಗದು ಎಂದು ಊರು ಬಾಯಿಬಿಟ್ಟು ಹೇಳಲಿಲ್ಲ, ಮಾಡಿ ತೋರಿಸಿತು.

ಹಾಗಾಗಿ ಈ ಹಿತ್ತಲಲ್ಲಿ ಅಕ್ಕುತಾಯಿ ಬರೀ ಪಲ್ಲೆ ಹಾಕಿರಲಿಲ್ಲ. ತನ್ನ ಕೈಯಲ್ಲಿ ಇನ್ನೂ ಗುಣ ಉಳಿದಿದೆಯೋ ಇಲ್ಲವೋ ನೋಡಬೇಕೆಂದು ಹಾಕಿದ್ದಳು. ಹನ್ನೆರಡು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ, ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮಗನ ಹೆಸರು ಸಮಾಧಾನ. ಆ ಮನೆಯಲ್ಲಿ ಅದು ಹೆಸರಿಗಷ್ಟೇ ಇತ್ತು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ದುಂಡವ್ವನ ತಲೆ ಕಾಣಿಸಿತು.

“ಬಂದಿಲ್ಲೇನ ಅಕ್ಕು? ಮನಸ್ಸಿಗಿ ಹಚ್ಚಿಕೋಬ್ಯಾಡವಾ. ಮುಂದಿನ ಸಲ ನೀಲಮನ ಕೈಲೆ ಹಾಕ್ಸು. ಮುತ್ತೈದಿ ಕೈ. ನೀ ಯಾಕ ಮುಟ್ಟಾಕ ಹೋದಿ?”

ದುಂಡವ್ವ ಕೆಟ್ಟವಳಲ್ಲ. ಊರು ಅಂದದ್ದನ್ನು ಅನ್ನುವವಳು, ಊರು ಬಿಟ್ಟದ್ದನ್ನು ಬಿಡುವವಳು. ಆದರೂ ಆ ಮಾತು ಅಕ್ಕುತಾಯಿಯ ಎದೆಗೆ ನಾಟಿತು. ಅವಳು ಒಳಗೆ ಹೋಗಿ, ಉಳಿದ ಬೀಜವನ್ನೆಲ್ಲ ಒಂದು ಅರಿವೆಯಲ್ಲಿ ಗಂಟು ಕಟ್ಟಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಹಮೀದಾಬಿಯ ಮನೆಗೆ ನಡೆದಳು.

ಹಮೀದಾಬಿ ಅವಳ ಸ್ವಸಹಾಯ ಸಂಘದ ಗೆಳತಿ. ಹಿಂದಿನ ವರ್ಷ ಚಿಕ್ಕೋಡಿಯಲ್ಲಿ ನಡೆದ ಎರಡು ದಿನದ ಕೈತೋಟದ ತರಬೇತಿಗೆ ಸಂಘದಿಂದ ಹೋಗಿ ಬಂದವಳು.

“ತಗೋ ಹಮೀದಾ. ಇದನ್ನ ನಿನ್ನ ಹಿತ್ತಲದಾಗ ಹಾಕ್ಕೋ. ನನ್ನ ಕೈ ಸತ್ತೈತಿ.”

“ಸತ್ತೈತಿ? ಹಂಗಾದ್ರ ಮುಂಜಾನೆ ರೊಟ್ಟಿ ಯಾತರಲೆ ಬಡದಿ, ಕಾಲಿಲೇನ?”

“ಚೇಷ್ಟಾ ಬ್ಯಾಡ. ಗಂಡ ಸತ್ತಾಕಿ ಕೈಲೆ ಬೀಜ ಬರೂದಿಲ್ಲಂತ. ಹನ್ನೆರಡ ದಿನಾ ಆತು, ನಾಕ ಬಿಟ್ರ ಒಂದೂ ಎದ್ದಿಲ್ಲ.”

ಹಮೀದಾಬಿ ಅವಳ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಮೆಂತ್ಯ ಗೇಣುದ್ದ ಬೆಳೆದು ನಿಂತಿತ್ತು. ಅದರ ಪಕ್ಕ ಪಾಲಕ, ಅದರಾಚೆ ಮೂಲಂಗಿ.

“ನಮ್ಮ ರಿಯಾಜನ ಅಪ್ಪ ತೀರಿ ಒಂಬತ್ತ ವರ್ಷ ಆತು. ಈ ಮೆಂತ್ಯಕ್ಕ ಇನ್ನಾ ಸುದ್ದಿ ಮುಟ್ಟಿಲ್ಲ ನೋಡು.”

ಅಕ್ಕುತಾಯಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳುವೂ ಬಂತು. ಹಮೀದಾಬಿ ಸೆರಗಿನಿಂದ ಅವಳ ಕಣ್ಣು ಒರೆಸಿ, “ನಡಿ, ನಿನ್ನ ಮಡಿ ತೋರ್ಸು” ಎಂದು ಹೊರಟಳು.

ಅಕ್ಕುತಾಯಿಯ ಹಿತ್ತಲಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಮಡಿಯ ಅಂಚಿನಿಂದ ಗೋಡೆಯ ಬುಡದವರೆಗೆ ಇರುವೆಗಳ ಸಾಲು ಹರಿಯುತ್ತಿತ್ತು. ಗೋಡೆಯ ತೂತಿನ ಬಾಯಲ್ಲಿ ಬೀಜದ ಸಿಪ್ಪೆಗಳ ಪುಟ್ಟ ಗುಡ್ಡೆ. ಮಡಿಯ ನಡುವೆ ಕೋಳಿ ಕೆದರಿದ ಗೀರು. ಬಗ್ಗಿ ಹುಡುಕಿದರೂ ಕೊತ್ತಂಬರಿಯ ಒಂದು ಕಾಳೂ ಕಾಣಲಿಲ್ಲ.

“ಎಷ್ಟ ಆಳ ಹಾಕಿದಿ?”

“ಆಳ? ಬೂದ್ಯಾಗ ಕಲಸಿ ಮ್ಯಾಲ ಉದರಿಸಿದೆ. ಅಗಿ ಹಾಕಿದಂಗ. ಮೂವತ್ತ ವರ್ಷ ಹಂಗ ಹಾಕೇನಿ.”

ಹಮೀದಾಬಿ ಹಣೆ ಹಣೆ ಬಡಿದುಕೊಂಡಳು. “ತಂಬಾಕಿನ ಬೀಜ ನಮ್ಮ ಕಣ್ಣಿಗೇ ಕಾಣೂದಿಲ್ಲ, ಗುಬ್ಬಿ ಕಣ್ಣಿಗೆ ಎಲ್ಲಿ ಕಾಣಬೇಕು? ಅದಕ್ಕ ಬೆಳಕ ಬೇಕು, ಮ್ಯಾಲ ಇದ್ರ ಏಳತೈತಿ. ಮೆಂತ್ಯೆ, ಮೂಲಂಗಿ ಹಂಗಲ್ಲ. ಅವು ಮಣ್ಣಿನ ಒಳಗ ಹೋಗಬೇಕು. ನೀ ಬೀಜ ಹಾಕಿಲ್ಲ ಬೇ ಅಕ್ಕು, ಗುಬ್ಬಿಗೆ ಕಾಳ ಹಾಕೀದಿ!”

“ಎಲ್ಲಾ ಗುಬ್ಬೀನ ತಿಂತಾವೇನ?” ಗೋಡೆಯ ಮೇಲಿಂದ ದುಂಡವ್ವ ಕೇಳಿದಳು. “ಬೀಜಾನ ಸತ್ತಿರಬೇಕು.”

“ಅದನ್ನೂ ನೋಡೂಣು,” ಎಂದಳು ಹಮೀದಾಬಿ. ಗಂಟಿನಿಂದ ಹತ್ತು ಮೆಂತ್ಯದ ಕಾಳು ಎಣಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ, ನೀಲಮನ ಕೈಗಿಟ್ಟಳು. “ಒಲಿ ಹತ್ರ ಬೆಚ್ಚಗ ಇಡು. ಅರಿವಿ ಒಣಗಾಕ ಬಿಡಬ್ಯಾಡ. ಹತ್ತರಾಗ ಏಳೆಂಟ ಮೊಳಕಿ ಒಡದ್ರ ಬೀಜ ಛಲೋ ಐತಿ ಅಂತ ತಿಳಿ.”

ಆ ಎರಡು ದಿನ ಅಕ್ಕುತಾಯಿ ಒಲೆಯ ಸುತ್ತ ತಿರುಗಿದ್ದೇ ತಿರುಗಿದ್ದು. ಅರಿವೆ ಬಿಚ್ಚುವಳು, ನೋಡುವಳು, ಸುತ್ತುವಳು, ಮತ್ತೆ ಬಿಚ್ಚುವಳು. ಮೂರನೆಯ ದಿನ ಬೆಳಿಗ್ಗೆ ಒಂಬತ್ತು ಕಾಳು ಬಿಳಿ ಬಾಲ ಚಾಚಿದ್ದವು. ಖುಷಿಯಲ್ಲಿ ಅವಳು ಅರಿವೆಯನ್ನು ಹಿಡಿದುಕೊಂಡೇ ಹೊರಗೆ ಓಡಿದಳು.

ದುಂಡವ್ವ ಕಾಳುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು: “ಬೀಜ ಜೀವಂತ ಅದಾವ. ಅಂದ ಮ್ಯಾಲ ತಪ್ಪ ಯಾತರದು? ಕೈದ ಅಲ್ಲೇನ?”

ಖುಷಿ ಅಲ್ಲೇ ಸತ್ತಿತು. ಅಕ್ಕುತಾಯಿ ಕಟ್ಟೆಯ ಮೇಲೆ ಕುಸಿದಳು. ಕಾರ್ಖಾನೆಗೆ ಹೊರಟಿದ್ದ ಸಮಾಧಾನ ಸೈಕಲ್ ನಿಲ್ಲಿಸಿ, “ಯವ್ವಾ, ಬಿಡ ಅತ್ಲಾಗ. ಸಂತ್ಯಾಗ ಪಲ್ಲೆ ಸಿಗೂದಿಲ್ಲೇನ?” ಎಂದ. ಅವ್ವನಿಗೆ ಬೇಕಾದದ್ದು ಪಲ್ಲೆಯಲ್ಲ ಎಂದು ಅವನಿಗೆ ಹೇಗೆ ತಿಳಿಯಬೇಕು?

ಹಮೀದಾಬಿ ಸುದ್ದಿ ಕೇಳಿ ಸಂಜೆ ಬಂದಳು. ಬಂದವಳೇ ದುಂಡವ್ವನನ್ನು ಕರೆದಳು.

“ದುಂಡವ್ವಾ, ಬಾಯಿಮಾತ ಸಾಕು. ಇಲ್ಲೇ ಎರಡ ಮಡಿ ಮಾಡೂಣು. ಒಂದ ನಿನ್ನ ಮುತ್ತೈದಿ ಕೈಲೆ, ನಿನಗ ತಿಳದಂಗ. ಇನ್ನೊಂದ ಅಕ್ಕುನ ಕೈಲೆ, ನಾ ಹೇಳಿದಂಗ. ಬೀಜ ಒಂದ ಗಂಟಿಂದು, ಮಣ್ಣ ಒಂದ ಹಿತ್ತಲದ್ದು. ಯಾವ ಕೈ ಸತ್ತೈತಿ, ಯಾವುದ ಬದಕೈತಿ, ಮಣ್ಣ ಹೇಳಲಿ.”

“ಬ್ಯಾಡ ಹಮೀದಾ,” ಎಂದಳು ಅಕ್ಕುತಾಯಿ. ಇನ್ನೊಮ್ಮೆ ಬೋಳು ಮಡಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಆದರೆ ದುಂಡವ್ವ ಆಗಲೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು.

ಅಂದು ರಾತ್ರಿಯ ಊಟಕ್ಕೆ ಮುಂಚೆಯೇ ನೀಲಮ ಅತ್ತೆಯ ಮಡಿಗೆಂದು ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಪಾಲಕದ ಬೀಜದ ಜೊತೆ ನೀರಲ್ಲಿ ನೆನೆಹಾಕಿದಳು. ಹೀಗೆ ಮಾಡಿದರೆ ಬೇಗ ಮೊಳೆಯುತ್ತವೆ ಎಂದು ಹಮೀದಾಬಿ ಹೇಳಿದ್ದಳು.

ಮರುದಿನ ಬೆಳಿಗ್ಗೆ ದುಂಡವ್ವ ತನ್ನ ಮಡಿ ಕೆದರಿ, ಬೀಜ ಬೂದಿ ಕಲಸಿ, ಗಾಳಿ ನಿಂತದ್ದು ನೋಡಿ ಉದುರಿಸಿದಳು. ಇಪ್ಪತ್ತಾರು ವರ್ಷ ಅಕ್ಕುತಾಯಿ ಹೇಗೆ ಹಾಕುತ್ತಿದ್ದಳೋ ಥೇಟ್ ಹಾಗೆ. ಮೇಲೆ ಒಂದು ಕೊಡ ನೀರು ಧಡಲ್ಲನೆ ಸುರಿದು, “ಮುಗೀತು” ಎಂದು ಕೈ ಝಾಡಿಸಿದಳು.

ಅಕ್ಕುತಾಯಿಯ ಮಡಿಗೆ ಹೊತ್ತು ಹಿಡಿಯಿತು. ಕಪ್ಪು ಮಣ್ಣು ನೀರು ಬಿದ್ದರೆ ಬಿಗಿದು ಹೆಪ್ಪುಗಟ್ಟುತ್ತದೆ ಎಂದು ಹಮೀದಾಬಿ ಅದಕ್ಕೆ ಹಳೆಯ ತಿಪ್ಪೆಗೊಬ್ಬರ, ಒಂದು ಬುಟ್ಟಿ ಉಸುಕು ಸೇರಿಸಿದಳು. ನೀರು ನಿಲ್ಲದಂತೆ ಮಡಿ ಸ್ವಲ್ಪ ಎತ್ತರ ಮಾಡಿಸಿದಳು. ಕಡ್ಡಿಯಿಂದ ಗೆರೆ ಎಳೆಸಿದಳು.

“ಬೀಜ ಎಷ್ಟ ದಪ್ಪ ಐತಿ, ಅದರ ಎರಡ ಮೂರ ಪಟ್ಟ ಮಣ್ಣ ಮ್ಯಾಲ ಬರಬೇಕು. ಮೆಂತ್ಯೆ ಉಗುರ ಮುಳುಗುವಷ್ಟ. ಮೂಲಂಗಿ ಸ್ವಲ್ಪ ಒಳಗ. ಬಾವಿ ತೋಡಬ್ಯಾಡ ಮತ್ತ!”

ಅಕ್ಕುತಾಯಿಯ ಕೈ ನಡುಗುತ್ತಿತ್ತು. ಬೀಜ ಬಿಟ್ಟಳು, ಮಣ್ಣು ಮುಚ್ಚಿದಳು, ಅಂಗೈಯಿಂದ ಮೆತ್ತಗೆ ಒತ್ತಿದಳು. ಹಮೀದಾಬಿ ಅದರ ಮೇಲೆ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ತೆಳ್ಳಗೆ ಹರಡಿದಾಗ ಅವಳಿಗೆ ತಡೆಯಲಾಗಲಿಲ್ಲ.

“ಇಷ್ಟ ಮುಚ್ಚಿದ್ರ ಉಸರ ಕಟ್ಟೂದಿಲ್ಲೇನ ಅದಕ್ಕ?”

“ಇಲ್ಲ ಬೇ. ಹಸಿ ಆರೂದಿಲ್ಲ, ಮಣ್ಣ ಬಿಗಿಯೂದಿಲ್ಲ, ಗುಬ್ಬಿಗೆ ಕಾಣೂದಿಲ್ಲ. ನಾವು ಹೊಲದಾಗ ಸುಟ್ಟ ಹಾಕೂ ರವದಿ ಇದು. ಬೀಜಕ್ಕ ಹೊಚ್ಚಿದ್ರ ಕೌದಿ.”

ನೀಲಮ ಒಂದು ಹಳೆಯ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದಳು. ರವದಿಯ ಮೇಲೆಯೇ ನೀರು ಸಣ್ಣ ಹನಿಯಾಗಿ ಬಿತ್ತು. ಬೀಜ ಜಾಗ ಬಿಟ್ಟು ಕದಲಲಿಲ್ಲ. ಇರುವೆ ಬರದಂತೆ ಮಡಿಯ ಸುತ್ತ ಒಣ ಬೂದಿಯ ಗೆರೆ ಹಾಕಿದರು, ಬೂದಿ ತೊಯ್ದರೆ ಮತ್ತೆ ಹೊಸದು. ಕೋಳಿಗೆ ಜಾಲಿಯ ಮುಳ್ಳು ಸುತ್ತಿದರು. ಗುಬ್ಬಿಗೆ ಏನು? ಸಮಾಧಾನನ ಪೆಟ್ಟಿಗೆಯಲ್ಲಿ ಕೆಟ್ಟುಹೋದ ಹಳೆಯ ಕ್ಯಾಸೆಟ್ಟುಗಳಿದ್ದವು. ನೀಲಮ ಒಂದರ ರೀಲು ಎಳೆದು ಎರಡು ಗೂಟಗಳ ನಡುವೆ ಬಿಗಿದು ಕಟ್ಟಿದಳು. ಗಾಳಿಗೆ ಅದು ಹೊಳೆಯುತ್ತ ಗುಂಯ್ ಎನ್ನತೊಡಗಿತು.

ಇನ್ನು ಕಾಯುವುದಿತ್ತು. ಅಕ್ಕುತಾಯಿಯಿಂದ ಆಗದ ಕೆಲಸವೆಂದರೆ ಅದೊಂದೇ.

ಒಂದು ದಿನ ಕಳೆಯಿತು. ನೀರು ಹಾಕಿದಳು, ಗೋಡೆಗೆ ಒರಗಿ ನಿಂತಳು, ಒಳಗೆ ಹೋದಳು, ಹೊರಗೆ ಬಂದಳು. ಎರಡನೆಯ ದಿನ ದುಂಡವ್ವನಿಗೂ ಅದೇ ರೋಗ ಅಂಟಿತು. ಅವಳ ಮಡಿಗೆ ಗುಬ್ಬಿಗಳ ಹಿಂಡೇ ಇಳಿದಿತ್ತು. ಅವಳು “ಹಚಾ! ಹಚಾ!” ಎಂದು ಕೋಲು ಬೀಸಿ ಓಡಿಸಿದಳು. ಗುಬ್ಬಿ ಹೋದ ಬೆನ್ನಿಗೆ ಒಂದು ಕೆಂಪು ಕೋಳಿ ಬಂದು ಎರಡೂ ಕಾಲಲ್ಲಿ ಕೆದರಿತು.

“ಯಾರ್ದ ಬೇ ಈ ಹಾಳ ಕೋಳಿ?” ಎಂದು ದುಂಡವ್ವ ಚೀರಿದಳು.

“ನಿಮ್ಮದರೀ ದೊಡ್ಡವ್ವಾ,” ಎಂದು ನೀಲಮ ಒಳಗಿನಿಂದ ಹೇಳಿದಳು.

ಮೂರನೆಯ ದಿನ ಮಧ್ಯಾಹ್ನ ಅಕ್ಕುತಾಯಿಯ ತಾಳ್ಮೆ ಹರಿಯಿತು. ಯಾರೂ ಇಲ್ಲದ್ದು ನೋಡಿ, ರವದಿ ಸರಿಸಿ, ಉಗುರಿನಿಂದ ಮಣ್ಣು ಕೆದಕಿದಳು. ಒಂದು ಮೆಂತ್ಯದ ಕಾಳು ಬಾಯಿಬಿಟ್ಟು ಬಿಳಿ ಬೇರು ಇಳಿಸಿತ್ತು. ಅವಳು ಎತ್ತಿ ನೋಡುವಷ್ಟರಲ್ಲಿ ಬೇರು ಪಟ್ಟನೆ ಮುರಿಯಿತು. ಅದೇ ಹೊತ್ತಿಗೆ ಹಮೀದಾಬಿ ಬಂದಳು.

“ಏನ ಮಾಡಾಕತ್ತೀ? ಬಸರಿ ಹೊಟ್ಟಿ ಸೀಳಿ ಕೂಸ ನೋಡತಾರೇನ?”

ಅಕ್ಕುತಾಯಿ ಮುರಿದ ಕಾಳನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. “ಎದ್ದಿತ್ತು ಹಮೀದಾ. ನನ್ನ ಕೈಲೆ ಹಾಕಿದ್ದು ಎದ್ದಿತ್ತು. ನಾನ ಮುರದೆ.”

“ಒಂದ ಮುರದ್ರ ಉಳದಾವು ಅದಾವ. ಮುಚ್ಚು. ಇನ್ನ ಎರಡ ದಿನಾ ಆ ಕಡೆ ಹಾಯಬ್ಯಾಡ. ನೀಲಮಾ, ನೀರ ನೀ ಹಾಕು. ಈಕಿಗೆ ಬ್ಯಾರೆ ಕೆಲಸಾ ಕೊಡು.”

ನೀಲಮ ಅತ್ತೆಯ ಮುಂದೆ ಒಂದು ಮೊರ ತುಂಬ ಶೇಂಗಾ ಸುರಿದಳು. ಅಕ್ಕುತಾಯಿ ಎರಡು ದಿನ ಶೇಂಗಾ ಸುಲಿದಳು. ಸಿಪ್ಪೆ ಯಾವುದು, ಕಾಳು ಯಾವುದು ಎಂದು ಅರ್ಧ ಹೊತ್ತು ಅವಳಿಗೇ ತಿಳಿಯಲಿಲ್ಲ.

ಐದನೆಯ ದಿನ ಸಂಜೆ ಹೊತ್ತಿಳಿದ ಮೇಲೆ ಹಮೀದಾಬಿ ಬಂದಳು. ಬಿಸಿಲಲ್ಲಿ ಮುಚ್ಚಿಗೆ ತೆಗೆದರೆ ಎಳೆ ಮೊಳಕೆ ಬಾಡುತ್ತದೆ, ತಡಮಾಡಿದರೆ ಬಿಳಿಚಿಕೊಂಡು ಸಣಕಲಾಗಿ ಬೀಳುತ್ತದೆ. ಅರ್ಧದಷ್ಟು ಎದ್ದ ಕೂಡಲೇ, ಸಂಜೆಯೇ ತೆಗೆಯಬೇಕು. ದುಂಡವ್ವನೂ ಗೋಡೆ ಬಳಸಿ ಬಂದು ನಿಂತಳು. ಅಕ್ಕುತಾಯಿ ಕಣ್ಣು ಮುಚ್ಚಿಕೊಂಡಿದ್ದಳು.

“ಅತ್ತೀ, ಕಣ್ಣ ತೆಗೀರಿ,” ಎಂದಳು ನೀಲಮ.

ಮೆಂತ್ಯ ಗೆರೆ ಹಿಡಿದು ಎದ್ದಿತ್ತು. ಮೂಲಂಗಿ ಎರಡೆರಡು ಎಲೆ ಬಿಚ್ಚಿತ್ತು. ಗೆರೆ ಅಲ್ಲಲ್ಲಿ ಸೊಟ್ಟ. ಅದು ಅವಳ ಕೈ ನಡುಗಿದ ಜಾಗ. ಒಂದು ಕಡೆ ಬೆರಳಗಲ ಖಾಲಿ. ಅದು ಅವಳು ಕೆದಕಿದ ಜಾಗ. ಪಾಲಕ, ಕೊತ್ತಂಬರಿ ನಿಧಾನದವು, ಇನ್ನೂ ನಾಲ್ಕೈದು ದಿನ ಬೇಕು ಎಂದು ಹಮೀದಾಬಿ ಅವುಗಳ ರವದಿಯನ್ನು ಹಾಗೇ ಬಿಟ್ಟಳು.

ಅಕ್ಕುತಾಯಿ ಮಡಿಯನ್ನು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಸಮಾಧಾನದ ಉಸಿರು ಬಂತು.

ದುಂಡವ್ವನ ಮಡಿಯಲ್ಲಿ ಆರೋ ಏಳೋ ಸಸಿ ಇದ್ದವು. ಅವಳು ಅವನ್ನು ನೋಡಿದಳು, ಇವನ್ನು ನೋಡಿದಳು. “ನೀ ಹಾಕೂ ಹಂಗ ಹಾಕೀನಲ್ಲ ಅಕ್ಕು?”

“ಹೌದು. ನಾ ಹಾಕೂದ ತಪ್ಪಿತ್ತು,” ಎಂದಳು ಅಕ್ಕುತಾಯಿ. “ಕೈದ ಅಲ್ಲ.”

ದುಂಡವ್ವ ಗೋಡೆ ಬಳಸಿ ಮನೆಗೆ ಹೋದಳು. ಎಷ್ಟೋ ದಿನ ಗೋಡೆಯ ಮೇಲೆ ಅವಳ ತಲೆ ಕಾಣಲಿಲ್ಲ.

ತಿಂಗಳೊಳಗೆ ಅಕ್ಕುತಾಯಿ ಮೊದಲ ಮೆಂತ್ಯ ಕಿತ್ತಳು. ಕಿತ್ತ ಜಾಗದಲ್ಲಿ ಮತ್ತೊಂದು ಗೆರೆ ಬೀಜ ಹಾಕಿದಳು. ಹದಿನೈದು ದಿನಕ್ಕೊಂದು ಗೆರೆ ಹಾಕಿದರೆ ಥಂಡಿ ಮುಗಿಯುವತನಕ ಪಲ್ಲೆ ತಪ್ಪುವುದಿಲ್ಲ. ಸಂತೆಯ ಪಲ್ಲೆಯೇ ಸಾಕು ಎಂದಿದ್ದ ಸಮಾಧಾನ ಮೂರನೆಯ ರೊಟ್ಟಿಗೆ ಕೈ ಚಾಚಿ, “ಯವ್ವಾ, ಇನ್ನೊಂದ ಮಡಿ ಕಡದ ಕೊಡಲೇನ?” ಎಂದು ತಾನೇ ಕೇಳಿದ.

ಒಂದು ಬೆಳಿಗ್ಗೆ ದುಂಡವ್ವ ಬಂದಳು. ಗೋಡೆಯ ಮೇಲಿಂದಲ್ಲ, ಮುಂಬಾಗಿಲಿನಿಂದ. ಸೆರಗಿನ ತುದಿಯಲ್ಲಿ ಬೀಜದ ಗಂಟಿತ್ತು.

“ನಮ್ಮ ಹಿತ್ತಲದಾಗೂ ಮಡಿ ಮಾಡೇವಿ. ರವದಿ ತಂದೀವಿ, ಕೋಳಿ ಬುಟ್ಟ್ಯಾಗ ಮುಚ್ಚೇನಿ. ಮೊದಲನೇ ಹಿಡಿ ನೀನ ಹಾಕಬೇಕು.”

ಅಕ್ಕುತಾಯಿ ತಟ್ಟನೆ ಏಳಲಿಲ್ಲ. “ರೋಹಿಣಿ ಮಳಿಗೂ ಕರೀತಿಯೇನ, ಅಗಿ ಹಾಕಾಕ?”

ದುಂಡವ್ವ ನೆಲ ನೋಡಿದಳು. “ಕರೀತೀನಿ. ಈ ವರ್ಷ ನನ್ನ ತಂಗಿ ಹಾಕಿದ್ದ ಅಗಿ ಅರ್ಧಾ ಕೊಳತ ಹೋತು. ನಾಚಿಕಿಗೆ ನಿನಗ ಹೇಳಲಿಲ್ಲ. ತಪ್ಪಾತ ಅಕ್ಕು.”

ಅಕ್ಕುತಾಯಿ ಎದ್ದು ಕೈ ತೊಳೆದುಕೊಂಡಳು. ಆ ಸಲ ಚಪ್ಪಲಿ ಮೆಟ್ಟುವುದನ್ನು ಮರೆಯಲಿಲ್ಲ. ಇಬ್ಬರೂ ಕೂಡಿ ನಡೆದರು.

ಅಕ್ಕಂದಿರೇ, ಅಣ್ಣಂದಿರೇ, ಥಂಡಿ ಬಂದಿದೆ. ನಾಲ್ಕು ಮೊಳ ಜಾಗ ಸಾಕು, ಅದೂ ಇಲ್ಲದಿದ್ದರೆ ಒಡೆದ ಬುಟ್ಟಿ, ಹಳೆಯ ಡಬ್ಬಿ ನಡೆಯುತ್ತದೆ. ಹಾಕುವ ಮೊದಲು ಹತ್ತು ಕಾಳನ್ನು ಒದ್ದೆ ಅರಿವೆಯಲ್ಲಿ ಕಟ್ಟಿ ನೋಡಿ. ಬೀಜಕ್ಕೆ ತಕ್ಕಷ್ಟು ಮಣ್ಣು ಮುಚ್ಚಿ, ರವದಿ ಹೊಚ್ಚಿ, ಸಣ್ಣ ಹನಿಯಲ್ಲಿ ನೀರು ಕೊಡಿ. ಇರುವೆ, ಕೋಳಿ, ಗುಬ್ಬಿಗಳಿಂದ ಮೊದಲ ಹತ್ತು ದಿನ ಕಾಯಿರಿ. ಕೆದಕಿ ನೋಡಬೇಡಿ. ಮೊಳಕೆ ಎದ್ದ ಸಂಜೆಯೇ ಮುಚ್ಚಿಗೆ ತೆಗೆಯಿರಿ.

ಬಿತ್ತಿದವಳ ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ ಎಂದು ಬೀಜ ನೋಡುವುದಿಲ್ಲ. ನಾವು ನೋಡುತ್ತೇವೆ. ನಿಮ್ಮ ಓಣಿಯಲ್ಲೂ ತಯಾರಾಗಿ ಕಟ್ಟೆಯ ಮೇಲೆ ಕೂತು, ಯಾರಾದರೂ ಕರೆದಾರೆಂದು ದಾರಿ ನೋಡುವ ಒಬ್ಬಳು ಇದ್ದಾಳೆ. ಈ ಸಲ ನಿಮ್ಮ ಹಿತ್ತಲಿನ ಮೊದಲ ಹಿಡಿ ಬೀಜವನ್ನು ಅವಳ ಕೈಗೆ ಕೊಡಿ.